ಐಬು ಮೊದಲು, ಬೆಲೆ ಆಮೇಲೆ

ಹೋದ ತಿಂಗಳು ನಮ್ಮ ದಹಿಸರ್ ಮನೆಯ ಹಳೆಯ ಕಬ್ಬಿಣದ ಕಪಾಟನ್ನು ಮಾರಬೇಕಾಯಿತು. ಕೊಳ್ಳಲು ಬಂದವನು ಇನ್ನೂ ಹೊಸ್ತಿಲು ದಾಟಿರಲಿಲ್ಲ, ನಾನು ಬಾಗಿಲಲ್ಲೇ ಶುರು ಹಚ್ಚಿಕೊಂಡೆ. ಇದರ ಒಂದು ಬಾಗಿಲು ಮಳೆಗಾಲದಲ್ಲಿ ಮುಚ್ಚುವುದಿಲ್ಲ, ಕೆಳಗಿನ ಖಾನೆಗೆ ತುಕ್ಕು ಹಿಡಿದಿದೆ, ಬೀಗದಕೈ ತಿರುಗಿಸುವಾಗ ಮೊಣಕಾಲಿನಿಂದ ಒಂದು ಸಲ ಗುದ್ದಬೇಕು. ಆ ಮನುಷ್ಯ ಕಪಾಟನ್ನು ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದ. ನನ್ನ ಮಗಳು ಹಣೆ ಚಚ್ಚಿಕೊಂಡಳು. ‘ಅಮ್ಮಾ, ಯು ಆರ್ ಇಂಪಾಸಿಬಲ್! ಮೊದ್ಲು ಅವನು ನೋಡ್ಲಿ ತೋ ಸಹೀ!’

ಕಪಾಟಿನ ವಿಷಯದಲ್ಲಿ ಮಾತ್ರವಲ್ಲ, ನನ್ನದು ಎಲ್ಲದರಲ್ಲೂ ಇದೇ ಹಾಡು. ನೆಂಟರ ತಟ್ಟೆಗೆ ಉಪ್ಪಿಟ್ಟು ಬೀಳುವ ಮೊದಲೇ ‘ಇವತ್ತು ರವೆ ಸ್ವಲ್ಪ ಹೆಚ್ಚು ಹುರಿದುಬಿಟ್ಟೆ’ ಎಂದು ಹೇಳಿಬಿಡುತ್ತೇನೆ. ಹೊಸ ಸೀರೆ ಉಟ್ಟಾಗ ಯಾರಾದರೂ ಚೆನ್ನಾಗಿದೆ ಎಂದರೆ ಸೆರಗು ತಿರುಗಿಸಿ ಕಲೆ ತೋರಿಸುತ್ತೇನೆ. ನನ್ನನ್ನು ನೋಡಲು ಬಂದಾಗಿನ ಕಥೆಯನ್ನು ನನ್ನ ಗಂಡ ಇವತ್ತಿಗೂ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾರೆ: ‘ಇವಳು ತನ್ನ ಕುಂದುಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು.’

ಇದು ನನ್ನ ಸದ್ಗುಣ ಎಂದು ದಯವಿಟ್ಟು ತಿಳಿಯಬೇಡಿ. ನಾನು ಬೆಳೆದ ದೇಶದ ಕಾಯಿದೆಯೇ ಹಾಗಿತ್ತು, ನಾನೇನು ಮಾಡಲಿ? ಆ ದೇಶದ ಹೆಸರು ಹರದಾವತಿ. ನಕಾಶೆ ಬಿಡಿಸಿ ಕೂರಬೇಡಿ, ಸಿಗುವುದಿಲ್ಲ. ಅದು ಇದ್ದದ್ದು ಮುಂಬಯಿಯ ಆಂಟಾಪ್ ಹಿಲ್‌ನ ಒಂದು ಬಿಲ್ಡಿಂಗಿನ ಎರಡನೆಯ ಮಾಳಿಗೆಯ ಗ್ಯಾಲರಿಯಲ್ಲಿ, ನನ್ನ ಮತ್ತು ಪದ್ಮ ಚಿಕ್ಕಮ್ಮನ ನಡುವೆ. ಅಲ್ಲಿ ರಾಜರಿರಲಿಲ್ಲ, ಮಂತ್ರಿಗಳಿರಲಿಲ್ಲ, ಆಳುತ್ತಿದ್ದವರೆಲ್ಲ ವ್ಯಾಪಾರಿಗಳು.

ಅರವತ್ತರ ದಶಕ ಮುಗಿದು ಎಪ್ಪತ್ತು ಶುರುವಾಗುವ ಕಾಲ. ಅಪ್ಪನಿಗೆ ಫೋರ್ಟಿನಲ್ಲಿ ಸರಕಾರಿ ನೌಕರಿ, ನಮಗೆ ಆಂಟಾಪ್ ಹಿಲ್‌ನಲ್ಲಿ ಸರಕಾರಿ ಕ್ವಾರ್ಟರ್ಸು: ಒಂದು ಕೋಣೆ, ಒಂದು ಅಡುಗೆಮನೆ, ಉದ್ದಕ್ಕೂ ಎಲ್ಲರಿಗೂ ಸೇರಿದ ಗ್ಯಾಲರಿ. ಅಮ್ಮನ ತಂಗಿ ಪದ್ಮ ಚಿಕ್ಕಮ್ಮ, ಅಜ್ಜಿ ತೀರಿಕೊಂಡ ಮೇಲೆ ಮೈಸೂರಿನಿಂದ ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದಿದ್ದಳು. ಟೈಪಿಂಗ್ ಕಲಿತಿದ್ದರಿಂದ ಅವಳಿಗೂ ಫೋರ್ಟಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಭಾವ ಮತ್ತು ನಾದಿನಿ ಇಬ್ಬರೂ ಡಬ್ಬಿ ಹಿಡಿದು ವಡಾಳಾ ಸ್ಟೇಷನ್ನಿಗೆ ಹೊರಡುತ್ತಿದ್ದರು, ಸಂಜೆ ಬೇರೆಬೇರೆ ಲೋಕಲ್ ಹಿಡಿದು ವಾಪಸು ಬರುತ್ತಿದ್ದರು. ಅಮ್ಮ ಅಡುಗೆಮನೆಯಿಂದಲೇ ಹೆಜ್ಜೆ ಸದ್ದಿನ ಮೇಲೆ ಯಾರು ಬಂದರೆಂದು ಹೇಳುತ್ತಿದ್ದಳು.

ದೇಶ ಹುಟ್ಟಿದ್ದಕ್ಕೆ ಕಾರಣ ಅಪ್ಪನೇ. ಅಂಗಡಿಯಲ್ಲಿ ಸಕ್ಕರೆ ಸಿಗದೆ ಬರಿಗೈಯಲ್ಲಿ ಬಂದ ಒಂದು ಸಂಜೆ ಅವರು ಕೊಡೆಯನ್ನು ಮೂಲೆಗೆ ಒರಗಿಸುತ್ತಾ ಸಿಡಿಮಿಡಿಗೊಂಡರು. ‘ಎಲ್ಲಾ ಬಚ್ಚಿಟ್ಟುಕೊಂಡು ಕೂತಿದಾರೆ ಕಳ್ಳ ಖದೀಮರು. ಈ ವ್ಯಾಪಾರಿಗಳ ಕೈಗೆ ದೇಶ ಕೊಟ್ಟರೆ ಏನಾಗುತ್ತೆ ಗೊತ್ತಾ?’

ಇಂಥ ಮಾತಿಗೆ ಯಾರೂ ಉತ್ತರ ಕೊಡುವುದಿಲ್ಲ, ಕೊಡಲೂಬಾರದು. ಚಿಕ್ಕಮ್ಮ ಹುರುಳಿಕಾಯಿ ಸೋಸುತ್ತಿದ್ದವಳು ತಲೆಯೆತ್ತಿ ನಿಜವಾದ ಕುತೂಹಲದಿಂದ ಕೇಳಿದಳು: ‘ಏನಾಗುತ್ತೆ ಭಾವ?’

ಅಪ್ಪ ಬಾಯಿ ತೆರೆದರು, ಆಮೇಲೆ ಪೇಪರು ತೆರೆದುಕೊಂಡು ಕೂತರು. ಊಟವಾದ ಮೇಲೆ ಗ್ಯಾಲರಿಯಲ್ಲಿ ಚಾಪೆ ಹಾಸಿಕೊಂಡಾಗ ಚಿಕ್ಕಮ್ಮನೇ ನನಗೆ ಉತ್ತರ ಹೇಳಲು ಶುರುಮಾಡಿದಳು. ಆಗ ಅಲ್ಲಿಂದ ದೂರಕ್ಕೆ ಉಪ್ಪಿನ ಗದ್ದೆಗಳು ಕಾಣುತ್ತಿದ್ದವು, ಬಿಳಿಯ ರಾಶಿಗಳು ಸಾಲಾಗಿ. ‘ಅದೋ ನೋಡು, ಅದೇ ರಾಜಧಾನಿ’ ಎಂದಳು. ನಾನು ಕೂಡಲೇ ನಂಬಿದೆ. ನನಗೆ ಹತ್ತು ವರ್ಷ, ನಂಬಲು ಕಾಸು ಖರ್ಚಿಲ್ಲ.

ಹೆಸರಿಟ್ಟದ್ದೂ ಅಪ್ಪನೇ. ನಾವು ‘ವ್ಯಾಪಾರಿಗಳ ದೇಶ, ವ್ಯಾಪಾರಿಗಳ ದೇಶ’ ಎಂದು ಬಡಬಡಿಸುವುದನ್ನು ಕೆಲವು ದಿನ ಸಹಿಸಿಕೊಂಡು ಕೊನೆಗೆ ಒಳಗಿನಿಂದಲೇ ಗದರಿದರು: ‘ಒಂದು ಹೆಸರಾದರೂ ನೆಟ್ಟಗೆ ಇಡ್ರೇ. ಹಳಗನ್ನಡದಲ್ಲಿ ವ್ಯಾಪಾರಿಗೆ ಹರದ ಅಂತಾರೆ. ಹರದಾವತಿ ಅನ್ನಿ. ಕಿವಿಗಾದರೂ ಇಂಪಾಗಿರುತ್ತೆ.’

ಹಾಗೆಂದವರು ತಟ್ಟನೆ ನಾಲಿಗೆ ಕಚ್ಚಿಕೊಂಡರು. ಅಮ್ಮ ಒಳಗೆ ಪಾತ್ರೆಯನ್ನು ಬೇಕಿದ್ದಕ್ಕಿಂತ ಜೋರಾಗಿ ಕುಕ್ಕಿದಳು. ಯಾಕೆಂದರೆ ನಮ್ಮ ಮನೆಯಲ್ಲಿ ಯಾರೂ ಕಿವಿಯ ಮಾತು ಎತ್ತುತ್ತಿರಲಿಲ್ಲ. ಚಿಕ್ಕಮ್ಮನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮಂಗನಬಾವು ಬಂದು ಹೋದ ಮೇಲೆ ಹಾಗಾಯಿತಂತೆ, ಅಮ್ಮ ಆಗಲೇ ಮದುವೆಯಾಗಿ ಮುಂಬಯಿಗೆ ಬಂದಾಗಿತ್ತು. ನಾವೆಲ್ಲ ಯಾರೂ ಹೇಳಿಕೊಡದೆಯೇ ಚಿಕ್ಕಮ್ಮನ ಬಲಗಡೆಗೇ ನಡೆಯುತ್ತಿದ್ದೆವು, ಬಲಗಡೆಗೇ ಕೂರುತ್ತಿದ್ದೆವು. ಅದರ ಬಗ್ಗೆ ಮಾತು ಮಾತ್ರ ಇಲ್ಲ. ಅಕ್ಕರೆ ಎಂದರೆ ಅದೇ ಎಂದು ನಾವು ತಿಳಿದಿದ್ದೆವು.

ಹರದಾವತಿಯ ಇತಿಹಾಸ ದೊಡ್ಡದು, ಒಂದೆರಡು ಚೂರು ಹೇಳುತ್ತೇನೆ. ಅಲ್ಲಿ ಆಳುವವರಿಗೆ ಮಹಾಹರದ ಎಂದು ಹೆಸರು. ಅವರ ಸಿಂಹಾಸನ ಎಂದರೆ ಒಂದು ದೊಡ್ಡ ತಕ್ಕಡಿಯ ಒಂದು ತಟ್ಟೆ. ಪಟ್ಟಾಭಿಷೇಕದ ದಿನ ಅವರ ತೂಕಕ್ಕೆ ಸರಿಯಾಗಿ ಇನ್ನೊಂದು ತಟ್ಟೆಯಲ್ಲಿ ಉಪ್ಪು ತುಂಬುತ್ತಿದ್ದರು. ಆಮೇಲೆ ಆ ಉಪ್ಪನ್ನು ಯಾರೂ ಮುಟ್ಟುವ ಹಾಗಿಲ್ಲ. ಆಳುತ್ತಾ ಆಳುತ್ತಾ ಮಹಾಹರದ ದಪ್ಪಗಾದರೆ ಸಿಂಹಾಸನ ಕೆಳಗಿಳಿದು ನೆಲಕ್ಕೆ ತಾಗುತ್ತಿತ್ತು, ತಾಗಿದ ದಿನ ಅಧಿಕಾರ ಹೋಯಿತು. ಹೀಗಾಗಿ ಆ ದೇಶದ ಚರಿತ್ರೆಯಲ್ಲಿ ಎಲ್ಲರೂ ನರಪೇತಲರೇ. ಒಬ್ಬಳು ಮಹಾಹರದೆ ಬರೀ ಮಂಡಕ್ಕಿ ತಿಂದು ಮುದುಕಿಯಾಗುವ ತನಕ ಆಳಿದಳು, ಕೊನೆಗೆ ಮೊಮ್ಮಗನ ಮದುವೆಯಲ್ಲಿ ಹೋಳಿಗೆ ಕಂಡು ಮನಸ್ಸು ತಡೆಯದೆ ರಾಜ್ಯ ಕಳೆದುಕೊಂಡಳು. ಈ ಕಥೆ ಕೇಳಿ ಅಮ್ಮನಿಗೆ ಪಾಪ ಎನ್ನಿಸಿ, ‘ಒಂದು ಹೋಳಿಗೆಗೆ ಹಾಗೆಲ್ಲಾ ಮಾಡಬಾರದು ಕಣೆ, ಆಮೇಲೆ ಉಪವಾಸ ಇದ್ದು ಸರಿ ಮಾಡ್ಕೊಳ್ಳೋ ಹಾಗೆ ಮಾಡು’ ಎಂದು ಶಿಫಾರಸು ಮಾಡಿದಳು.

ಯುದ್ಧ ಆದದ್ದು ಒಂದೇ ಸಲ. ಪಕ್ಕದ ರಾಜ ಆನೆ ಕುದುರೆ ಸಮೇತ ದಂಡೆತ್ತಿ ಬಂದ. ಹರದಾವತಿಯವರು ಕೋಟೆಯ ಬಾಗಿಲು ಹಾಕಲಿಲ್ಲ, ಹೊರಗೆ ಬಂದು ಆನೆಯ ಸುತ್ತ ನಿಂತು ‘ಇದು ಎಷ್ಟಕ್ಕೆ?’ ಎಂದು ಕೇಳಿದರು. ಸೈನಿಕರಿಗೆ ಮೊದಲು ಸಿಟ್ಟು ಬಂತು, ಆಮೇಲೆ ಆಸೆ ಬಂತು. ಸಂಜೆಯ ಹೊತ್ತಿಗೆ ಈಟಿ ಮಾರಿದವರು ಈರುಳ್ಳಿ ಅಂಗಡಿ ಇಟ್ಟಿದ್ದರು, ರಾಜ ತನ್ನ ಆನೆಗಳಿಗೇ ಬಾಳೆಹಣ್ಣು ಮಾರುತ್ತಾ ಕೂತಿದ್ದ. ಗದ್ದಲದ ಊರಿನಲ್ಲಿ ಬದುಕುವವರು ಕಟ್ಟಿದ ಕಥೆ ಅದು, ಎಲ್ಲ ಜಗಳವೂ ಕೊನೆಗೆ ಕೈಗಾಡಿಯ ಮುಂದೆ ಮುಗಿಯುತ್ತಿತ್ತು.

ಆದರೆ ದೇಶ ಎಂದ ಮೇಲೆ ಕಾಯಿದೆ ಬೇಕಲ್ಲ. ಕಾಯಿದೆ ಕೊಟ್ಟವನು ಇಮಾಮಸಾಬ್ ಚಾಚಾ. ಹುಬ್ಬಳ್ಳಿ ಕಡೆಯವನು, ಹೆಗಲ ಮೇಲೆ ಇಳಕಲ್ ಸೀರೆಯ ಗಂಟು ಹೊತ್ತು ನಮ್ಮ ಕಾಲೋನಿಯ ಕನ್ನಡದ ಮನೆಗಳಿಗೆಲ್ಲ ಬರುತ್ತಿದ್ದ. ನಮ್ಮ ಗ್ಯಾಲರಿಯಲ್ಲಿ ಗಂಟು ಬಿಚ್ಚಿದನೆಂದರೆ ಅವನ ಮೊದಲ ಮಾತು ಯಾವಾಗಲೂ ಒಂದೇ: ‘ಅಕ್ಕಾರ, ಮೊದಲ ಐಬು ನೋಡ್ಕೋರಿ. ಈ ಸೆರಗಿನ್ಯಾಗ ಒಂದು ಎಳಿ ತಪ್ಪೈತಿ. ಬಣ್ಣ ಮೊದಲನೇ ನೀರಿಗಿ ಸೊಲುಪ ಬಿಡ್ತೈತಿ. ಆಮ್ಯಾಲ ಬೆಲಿ ಮಾತಾಡೂಣು.’

ಇದನ್ನು ಕೇಳಿ ಚಿಕ್ಕಮ್ಮ ಮರುಳಾಗಿಬಿಟ್ಟಳು. ಅವತ್ತೇ ಅದು ಹರದಾವತಿಯ ಮೊದಲ ಕಾಯಿದೆಯಾಯಿತು: ಮಾರುವವನು ಮೊದಲು ತನ್ನ ಸರಕಿನ ಐಬು ಹೇಳಬೇಕು, ಬೆಲೆ ಆಮೇಲೆ. ನಾನು ಉತ್ಸಾಹ ತಡೆಯದೆ ಮುಂದಿನ ಸಲ ಚಾಚಾನಿಗೇ ಇದನ್ನು ಹೇಳಿ, ‘ನೀವು ಎಷ್ಟು ಒಳ್ಳೆಯವರು ಚಾಚಾ’ ಎಂದೆ. ಅವನು ನಕ್ಕು ನಕ್ಕು ಕೆಮ್ಮಿದ. ‘ಅಯ್ಯ ಬೇಟಿ, ಒಳ್ಳೇವ ಎಲ್ಲೀದು! ಒಂದು ಐಬು ನಾನ ಹೇಳಿಬಿಟ್ರ ಅಕ್ಕಾರು ಉಳದದ್ದು ಹುಡಕೂದು ಬಿಡ್ತಾರ. ಇದು ಧಂದೇದ ಹಿಕಮತ್ತು.’ ಈ ಮಾತನ್ನು ನಾನು ಚಿಕ್ಕಮ್ಮನಿಗೆ ಹೇಳಿದೆ. ಅವಳು ‘ಇರಲಿ, ಅಲ್ಲಿನವರಿಗೆ ಇದು ಗೊತ್ತಿಲ್ಲ’ ಎಂದು ತೀರ್ಮಾನ ಕೊಟ್ಟಳು.

ಎರಡನೆಯ ಕಾಯಿದೆ ಹುಟ್ಟಿದ್ದೂ ಚಾಚಾನಿಂದಲೇ, ಈ ಸಲ ಅಪ್ಪನ ಮೂಲಕ. ಅಪ್ಪನಿಗೆ ಚೌಕಾಸಿ ಎಂದರೆ ಅಸಹ್ಯ. ಕಾಸುಕಾಸಿಗೂ ಜಗ್ಗಾಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಅವರ ಖಚಿತ ಅಭಿಪ್ರಾಯ. ಒಂದು ಭಾನುವಾರ ಅಮ್ಮ ಮನೆಯಲ್ಲಿಲ್ಲದಾಗ ಚಾಚಾ ಬಂದ, ಅಮ್ಮ ಹಿಂದಿನ ಸಲ ಆರಿಸಿಟ್ಟಿದ್ದ ಸೀರೆ ತೆಗೆದ, ಬೆಲೆ ಹೇಳಿದ. ಅಪ್ಪ ಒಳಗೆ ಹೋಗಿ ಹಣ ತಂದು ಅವನ ಕೈಗಿಟ್ಟರು. ಚಾಚಾ ಹಣ ಹಿಡಿದುಕೊಂಡೇ ನಿಂತ, ಮುಖ ಸಣ್ಣದಾಯಿತು.

‘ಸಾಹೇಬ್ರ, ನಂದೇನರ ತಪ್ಪಾತೇನ್ರಿ?’

‘ಯಾಕಪ್ಪಾ? ಕೇಳಿದಷ್ಟು ಕೊಟ್ಟೆನಲ್ಲ!’

‘ಅದಕ್ಕ ಕೇಳಾಕತ್ತೀನ್ರಿ. ಹೆಚ್ಚಾತು ಅನ್ನಲಿಲ್ಲ, ಹೊಳ್ಳಿಸಿ ನೋಡಲಿಲ್ಲ, ಬಣ್ಣ ಹ್ಯಾಂಗ ಅಂತ ಒಂದು ಮಾತು ಕೇಳಲಿಲ್ಲ. ಫಕೀರಗ ಖೈರಾತ್ ಕೊಟ್ಟಂಗ ಕೊಟ್ರಿ.’

ಅಪ್ಪ ತಬ್ಬಿಬ್ಬಾದರು. ಕೊನೆಗೆ ಚಾಚಾನೇ ಬಲವಂತದಿಂದ ಸ್ವಲ್ಪ ಹಣ ವಾಪಸು ಕೊಟ್ಟು, ಒಂದು ಲೋಟ ನೀರು ಕುಡಿದು, ಸಮಾಧಾನವಾಗಿ ಹೋದ. ‘ವಿಚಿತ್ರ ಜನ’ ಎಂದು ಅಪ್ಪ ಗೊಣಗಿದರು. ಚಿಕ್ಕಮ್ಮ ಮಾತ್ರ ಸಂಜೆಯೆಲ್ಲ ಗಂಭೀರವಾಗಿದ್ದಳು. ಅವತ್ತಿನಿಂದ ಹರದಾವತಿಯಲ್ಲಿ ಅತಿ ದೊಡ್ಡ ಶಿಕ್ಷೆ ಯಾವುದೆಂದರೆ ಚೌಕಾಸಿ ಮಾಡದೆ ಇರುವುದು. ಸೆರೆಮನೆ, ಛಡಿಯೇಟು ಯಾವುದೂ ಇಲ್ಲ. ಘೋರ ಅಪರಾಧ ಮಾಡಿದವನ ಅಂಗಡಿಗೆ ಎಲ್ಲರೂ ಹೋಗುತ್ತಾರೆ, ಅವನು ಹೇಳಿದ ಬೆಲೆ ಕೊಡುತ್ತಾರೆ, ಒಂದು ಪ್ರಶ್ನೆ ಕೇಳದೆ ಬರುತ್ತಾರೆ. ಅವನು ‘ಸ್ವಲ್ಪ ಕಡಿಮೆ ಮಾಡಲಾ?’ ಎಂದು ಹಿಂದೆ ಓಡಿ ಬಂದರೂ ಯಾರೂ ತಿರುಗಿ ನೋಡುವುದಿಲ್ಲ. ಕೆಲವೇ ದಿನಗಳಲ್ಲಿ ಅವನು ಬಂಗಾರದ ರಾಶಿಯ ಮೇಲೆ ಕೂತು ಅಳಲು ಶುರುಮಾಡುತ್ತಾನೆ. ನನಗೆ ಆಗ ಇದು ಅಷ್ಟಾಗಿ ಅರ್ಥವಾಗಿರಲಿಲ್ಲ. ಕೇಳಿದಷ್ಟು ಹಣ ಸಿಕ್ಕರೆ ಅಳುವುದು ಯಾಕೆ ಎಂದು ವಾದ ಮಾಡಿದೆ, ಚಿಕ್ಕಮ್ಮ ‘ನಿನಗೆ ಗೊತ್ತಾಗಲ್ಲ, ಮಲಕ್ಕೋ’ ಎಂದಳು.

ಚಿಕ್ಕಮ್ಮನಿಗೆ ಗಂಡು ಹುಡುಕುವ ಕೆಲಸ ಈ ಎಲ್ಲದರ ನಡುವೆಯೇ ನಡೆದಿತ್ತು. ಅಮ್ಮನಿಗೆ ಅದೊಂದೇ ಚಿಂತೆ. ಅಜ್ಜಿಯ ಕೊನೆಗಾಲದಲ್ಲಿ ‘ಪದ್ಮನ್ನ ದಡ ಮುಟ್ಟಿಸ್ತೀನಿ’ ಎಂದು ಮಾತು ಕೊಟ್ಟಿದ್ದಳು. ಬಂದ ಸಂಬಂಧಗಳು ಮಾತ್ರ ಯಾರೋ ಕಿವಿಯ ಸುದ್ದಿ ಮುಟ್ಟಿಸಿದ ಕೂಡಲೇ ತಿರುಗಿಹೋಗುತ್ತಿದ್ದವು. ಹೀಗಿರುವಾಗ ಮಾಟುಂಗಾದ ಒಂದು ಮನೆಯಿಂದ ಮಾತು ಬಂತು. ನಮ್ಮ ಕಡೆಯವರೇ, ಹುಡುಗ ಬ್ಯಾಂಕಿನಲ್ಲಿ ಆಫೀಸರು, ಸ್ವಂತ ಫ್ಲ್ಯಾಟು, ವರದಕ್ಷಿಣೆ ಬೇಡವೆಂದು ಮೊದಲೇ ಹೇಳಿ ಕಳಿಸಿದ್ದರು. ಕಿವಿಯ ವಿಷಯ ಅವರ ತನಕ ಹೋಗಿರಲಿಲ್ಲ. ಅಮ್ಮ ಚಿಕ್ಕಮ್ಮನನ್ನು ಅಡುಗೆಮನೆಗೆ ಕರೆದು ಕೈ ಹಿಡಿದುಕೊಂಡಳು.

‘ಈ ಸಲ ಬಾಯಿ ಮುಚ್ಕೊಂಡು ಇದ್ದುಬಿಡೇ ಪದ್ದೂ. ನಿನ್ನ ದಮ್ಮಯ್ಯ.’

‘ಆಮೇಲೆ ಗೊತ್ತಾದರೆ ಅಕ್ಕಾ?’

‘ಆಮೇಲೆ ಗೊತ್ತಾದರೆ ನೀವು ಗಂಡ ಹೆಂಡತಿ, ಏನೋ ಮಾಡ್ಕೊಳ್ತೀರ. ಈಗ ಗೊತ್ತಾದರೆ ಎದ್ದು ಹೋಗ್ತಾರೆ.’

ಚಿಕ್ಕಮ್ಮ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅಮ್ಮ ಅದನ್ನೇ ಒಪ್ಪಿಗೆ ಎಂದುಕೊಂಡು ತಯಾರಿಗೆ ನಿಂತಳು.

ತಯಾರಿ ಎಂದರೆ ಮುಖ್ಯವಾಗಿ ಕುರ್ಚಿಗಳದು. ಬಂದವರೆಲ್ಲ ಚಿಕ್ಕಮ್ಮನ ಬಲಗಡೆಗೇ ಕೂರುವಂತಾಗಬೇಕು. ನಮ್ಮ ಕೋಣೆಯೋ ಅಂಗೈಯಷ್ಟು. ಅಪ್ಪ ಮಂಚವನ್ನು ಆ ಗೋಡೆಯಿಂದ ಈ ಗೋಡೆಗೆ ಎಳೆದರು, ಪಕ್ಕದ ಮನೆಯ ಮಡಚುವ ಕುರ್ಚಿಗಳನ್ನು ತಂದು ಸಾಲಾಗಿ ಹಾಕಿದರು. ಎಲ್ಲ ಮುಗಿಸಿ ಬೆವರು ಒರೆಸಿಕೊಂಡಾಗ ಅಮ್ಮ ಚಾಪೆಯ ಮೇಲೆ ಕೂತು ನೋಡಿ ಚೀರಿದಳು: ‘ಅಯ್ಯೋ ರಾಮಾ, ಇದು ಎಡಗಡೆ ಆಯ್ತಲ್ರೀ!’ ಎದುರು ನಿಂತವರಿಗೆ ಬಲವಾದದ್ದು ಕೂತವಳಿಗೆ ಎಡ ಎನ್ನುವುದು ಅಪ್ಪನ ಲೆಕ್ಕಕ್ಕೆ ಬಂದಿರಲಿಲ್ಲ. ಮತ್ತೆ ಮಂಚ ಎಳೆದದ್ದಾಯಿತು. ಎಡಗಡೆಯಲ್ಲಿ ಯಾರೂ ಕೂರದಿರಲಿ ಎಂದು ಅಲ್ಲಿ ಚಿಕ್ಕಮ್ಮನ ಟ್ರಂಕನ್ನಿಟ್ಟು ಅದರ ಮೇಲೆ ಹೂದಾನಿ ಇಟ್ಟರು. ಇದೆಲ್ಲ ನಡೆಯುವಾಗ ಚಿಕ್ಕಮ್ಮ ಗ್ಯಾಲರಿಯಲ್ಲಿ ನಿಂತು ಜಡೆ ಹಾಕಿಕೊಳ್ಳುತ್ತಿದ್ದಳು.

ಭಾನುವಾರ ಮಾಟುಂಗಾದವರು ಬಂದರು, ಹುಡುಗ, ಅವನ ತಂದೆ, ತಾಯಿ. ಹುಡುಗ ನೋಡಲು ಲಕ್ಷಣವಾಗಿದ್ದ. ಎಲ್ಲರೂ ನಾವು ಬಯಸಿದ ಕಡೆಯೇ ಕೂತರು. ಅಮ್ಮ ನಿಟ್ಟುಸಿರು ಬಿಟ್ಟು ಒಳಕ್ಕೆ ಸನ್ನೆ ಮಾಡಿದಳು. ಚಿಕ್ಕಮ್ಮ ಕಾಫಿ ತಟ್ಟೆ ಹಿಡಿದು ಬಂದಳು, ಚಾಪೆಯ ಮೇಲೆ ಕೂರಲಿಲ್ಲ, ತಟ್ಟೆಯನ್ನು ಕೆಳಗಿಡಲೂ ಇಲ್ಲ. ನಿಂತಲ್ಲೇ ಹೇಳಿದಳು: ‘ಕಾಫಿ ಆಮೇಲೆ ಕೊಡ್ತೀನಿ. ಮೊದಲು ಒಂದು ವಿಷಯ ಹೇಳಿಬಿಡ್ತೀನಿ. ನನಗೆ ಎಡಗಿವಿ ಕೇಳಿಸೋದಿಲ್ಲ.’

ಅಮ್ಮ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಪ್ಪ ಹೂದಾನಿಯನ್ನು ನೋಡುತ್ತಾ ಕೂತರು. ನಾನು ಮಾತ್ರ, ನಿಜ ಹೇಳುತ್ತೇನೆ, ಹೆಮ್ಮೆಯಿಂದ ಉಬ್ಬಿಹೋಗಿದ್ದೆ. ನಮ್ಮ ದೇಶದ ಕಾಯಿದೆ ಇಷ್ಟು ಜನರ ಎದುರು ಜಾರಿಯಾದದ್ದು ಅದೇ ಮೊದಲು.

ಆಮೇಲೆ ಆದದ್ದನ್ನು ಯಾರೂ ಊಹಿಸಿರಲಿಲ್ಲ. ಹುಡುಗನ ತಂದೆ ತಾಯಿ ಮುಖ ಮುಖ ನೋಡಿಕೊಂಡರು. ಹುಡುಗ ನೆಟ್ಟಗೆ ಕೂತು, ಬ್ಯಾಂಕಿನ ಕಿಟಕಿಯ ಹಿಂದಿನಿಂದ ಮಾತಾಡುವಂತೆ ಅತ್ಯಂತ ಸೌಜನ್ಯದಿಂದ ಹೇಳಿದ: ‘ಅದೆಲ್ಲ ನನಗೆ ಮುಖ್ಯವೇ ಅಲ್ಲ. ನನಗೆ ಒಪ್ಪಿಗೆ. ಆ ವಿಷಯದ ಮಾತೇ ಬೇಡ.’ ಅವನ ತಂದೆ, ‘ನಮ್ಮ ಮನೆಯಲ್ಲಿ ಎಲ್ಲರದ್ದೂ ದೊಡ್ಡ ಮನಸ್ಸು. ಇನ್ನು ಮೇಲೆ ಯಾರೂ ಅದನ್ನ ಎತ್ತೋದಿಲ್ಲ, ನೀವು ನಿಶ್ಚಿಂತೆಯಿಂದಿರಿ’ ಎಂದರು. ಕಾಫಿ ಕುಡಿದರು, ಕೇಸರಿಬಾತು ಹೊಗಳಿದರು, ಮುಹೂರ್ತದ ಮಾತು ತೆಗೆದರು, ನಗುನಗುತ್ತಾ ಮೆಟ್ಟಿಲಿಳಿದು ಹೋದರು.

ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ಚಿಕ್ಕಮ್ಮನ ಬಾಯಿಗೆ ಹಾಕಲು ಹೋದಾಗ ಅವಳು ಅಮ್ಮನ ಕೈ ಹಿಡಿದು ತಡೆದಳು.

‘ಅಕ್ಕಾ, ನನಗೆ ಬೇಡ ಈ ಸಂಬಂಧ.’

ಅಮ್ಮನ ಕೈಯಿಂದ ಸಕ್ಕರೆ ನೆಲಕ್ಕೆ ಚೆಲ್ಲಿತು. ‘ಏನು ಬಂದಿದೆಯೇ ನಿನಗೆ? ಹೇಳಬೇಡ ಅಂದೆ, ಹೇಳಿದೆ. ಅವರು ದೇವರಂಥವರು, ಒಂದು ಮಾತೂ ಆಡದೆ ಒಪ್ಪಿಕೊಂಡರು!’

‘ಅದೇ ಅಕ್ಕಾ. ಒಂದು ಮಾತೂ ಆಡಲಿಲ್ಲ. ಹೇಗಾಯ್ತು ಅಂತ ಕೇಳಲಿಲ್ಲ. ರಸ್ತೆಯಲ್ಲಿ ಕಷ್ಟ ಆಗುತ್ತಾ, ಗದ್ದಲದಲ್ಲಿ ಮಾತು ಗೊತ್ತಾಗುತ್ತಾ ಅಂತ ಕೇಳಲಿಲ್ಲ. ಯೋಚನೆ ಮಾಡ್ತೀವಿ ಅಂದಿದ್ದರೂ ನನಗೆ ಬೇಜಾರಿರಲಿಲ್ಲ. ಆ ಮಾತೇ ಎತ್ತೋದಿಲ್ಲ ಅಂದುಬಿಟ್ಟರಲ್ಲ, ಆ ಮನೆಯಲ್ಲಿ ನಾನು ಜೀವನ ಪೂರ್ತಿ ಅವರ ದೊಡ್ಡ ಮನಸ್ಸಿನ ಕೆಳಗೆ ತಲೆ ತಗ್ಗಿಸಿಕೊಂಡು ಇರಬೇಕಾ? ನಾನು ಮಾಡಿದ ತಪ್ಪಾದರೂ ಏನು?’

ಚಿಕ್ಕಮ್ಮ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚೌಕಾಸಿ ಮಾಡದೆ ಇರುವ ಶಿಕ್ಷೆ ಎಂದರೆ ಏನೆಂದು ಆಗ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಮ್ಮ ಮಾತ್ರ ಗೋಳಾಡಿದಳು, ಬೈದಳು, ಅಜ್ಜಿಯ ಹೆಸರು ಹಿಡಿದು ಅತ್ತಳು. ಕೊನೆಗೆ, ‘ನೀವಾದರೂ ಹೇಳಿ ಇವಳಿಗೆ’ ಎಂದು ಅಪ್ಪನ ಕಡೆ ತಿರುಗಿದಳು. ಅಪ್ಪ ಎದ್ದರು. ಮಂಚವನ್ನು ಒಬ್ಬರೇ ಮೊದಲಿನ ಗೋಡೆಗೆ ಎಳೆದು, ಕುರ್ಚಿಗಳನ್ನು ಮಡಚಿ ಪಕ್ಕದ ಮನೆಗೆ ಕೊಟ್ಟು ಬಂದರು.

ಚಿಕ್ಕಮ್ಮನಿಗೆ ಮುಂದೆ ಮದುವೆಯಾಯಿತೋ ಇಲ್ಲವೋ ಎಂದು ನೀವು ಒದ್ದಾಡುವುದು ಬೇಡ, ಈಗಲೇ ಹೇಳಿಬಿಡುತ್ತೇನೆ. ಆಯಿತು. ಅವಳ ಆಫೀಸಿನವರೇ ಒಬ್ಬರು. ಮಾತು ಮಾತಿಗೂ ‘ಯಾಕೆ, ಏನು, ಹೇಗೆ’ ಎಂದು ತಲೆ ತಿನ್ನುವ ಮನುಷ್ಯ. ‘ಈ ಮಹರಾಯರು ಶುರುಮಾಡಿದರೆ ನಾನು ಎಡಮಗ್ಗುಲು ಅವರ ಕಡೆ ಮಾಡಿಬಿಡ್ತೀನಿ’ ಎಂದು ಚಿಕ್ಕಮ್ಮ ನಗುತ್ತಾಳೆ. ಅದು ಆದದ್ದು ಎಷ್ಟೋ ಆಮೇಲೆ. ನಾನು ಹೇಳಬೇಕೆಂದಿದ್ದು ಆ ಭಾನುವಾರದ ಮುಂದಿನ ಭಾನುವಾರದ ಮಾತು.

ಅವತ್ತು ಅಪ್ಪ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಒಬ್ಬರೇ ಮಾಟುಂಗಾಕ್ಕೆ ಹೊರಟರು. ಅಮ್ಮನಿಗೆ ಇನ್ನೂ ಸಣ್ಣ ಆಸೆಯಿತ್ತು, ಸ್ವಲ್ಪ ದಿನ ತಡೆಯಿರಿ ಎನ್ನಲು ಹೋಗಿರಬಹುದು ಎಂದು. ಅವರು ವಾಪಸು ಬಂದಾಗ ಊಟದ ಹೊತ್ತು ಮೀರಿತ್ತು. ಅಮ್ಮ ತಟ್ಟೆ ಹಾಕದೆ ಬಾಗಿಲಲ್ಲೇ ನಿಂತಳು.

‘ಏನಂದ್ರಿ ಅವರಿಗೆ?’

‘ಹುಡುಗಿ ಒಪ್ಪಲಿಲ್ಲ ಅಂದೆ.’

ಆ ಕಾಲದಲ್ಲಿ ಆ ಮಾತನ್ನು ಗಂಡಿನ ಮನೆಯವರಿಗೆ ಯಾರೂ ಹೇಳುತ್ತಿರಲಿಲ್ಲ. ಜಾತಕ ಕೂಡಲಿಲ್ಲ, ಹಿರಿಯರು ಬೇಡವೆಂದರು, ಏನಾದರೊಂದು ನೆಪ ಹೇಳುತ್ತಿದ್ದರು. ಅಮ್ಮ ಬಾಗಿಲಲ್ಲೇ ತಲೆಯ ಮೇಲೆ ಕೈಹೊತ್ತು ಕೂತಳು. ಚಿಕ್ಕಮ್ಮ ಗ್ಯಾಲರಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ಹಾಗೆಯೇ ನಿಂತಳು.

‘ಯಾಕೆ ಅಂತ ಕೇಳಲಿಲ್ವೇ?’ ಎಂದಳು ಅಮ್ಮ.

‘ಕೇಳಿದರು. ಇದ್ದದ್ದು ಹೇಳಿದೆ. ಅವಳು ಅಷ್ಟು ಧೈರ್ಯವಾಗಿ ಕಿವಿ ವಿಷಯ ಹೇಳಿದಳು, ನೀವು ಯಾರೂ ಅದರ ಬಗ್ಗೆ ಒಂದು ಪ್ರಶ್ನೆ ಕೇಳಲಿಲ್ಲ, ಅದು ಅವಳಿಗೆ ಬೇಜಾರಾಯ್ತು ಅಂದೆ.’

‘ಅದಕ್ಕೇನಂದರು?’

ಅಪ್ಪ ಚಪ್ಪಲಿ ಬಿಟ್ಟರು, ಒಂದನ್ನು ಇನ್ನೊಂದರ ಪಕ್ಕ ಸರಿಯಾಗಿಟ್ಟರು. ‘ಹುಡುಗನ ತಂದೆ ಒಂದೇ ಮಾತು ಕೇಳಿದರು. “ಇಷ್ಟು ವರ್ಷ ನಿಮ್ಮ ಮನೆಯಲ್ಲೇ ಇದಾಳಲ್ಲ, ನೀವು ಕೇಳಿದೀರಾ?” ಅಂದರು. ಎದ್ದು ಬಂದುಬಿಟ್ಟೆ ಕಣೇ. ಬಸ್ಸಿನಲ್ಲಿ ಕೂರಲಾಗಲಿಲ್ಲ, ಅಲ್ಲಿಂದ ನಡೆದೇ ಬಂದೆ.’

ಅಪ್ಪ ಒಳಗಿನಿಂದ ಮಣೆ ತಂದು ಗ್ಯಾಲರಿಯಲ್ಲಿ ಹಾಕಿಕೊಂಡು ಚಿಕ್ಕಮ್ಮನ ಎದುರಿಗೆ ಕೂತರು. ಬೇರೆಯವರ ಸಂಸಾರದಲ್ಲಿ ತಲೆಹಾಕುವವರಂತೆ ಸಂಕೋಚಪಡುತ್ತಾ ಕೇಳಿದರು: ‘ಪದ್ಮಾ, ಆ ಕಿವಿಯಲ್ಲಿ... ಏನೂ ಕೇಳಿಸೋದೇ ಇಲ್ವೇನಮ್ಮ?’

ಚಿಕ್ಕಮ್ಮ ಕೈಯಲ್ಲಿದ್ದ ಒದ್ದೆ ಟವೆಲನ್ನು ಹಗ್ಗದ ಮೇಲೆ ಹಾಕಿದಳು. ಅದರ ಅಂಚುಗಳನ್ನು ಎಳೆದು ಸರಿಮಾಡಿದಳು.

‘ಹೊರಗಿನದೇನೂ ಕೇಳಿಸಲ್ಲ ಭಾವ. ಒಳಗೆ ಒಂದು ಸದ್ದಿದೆ. ಪಕ್ಕದ ಕೋಣೆಯಲ್ಲಿ ಯಾರೋ ಅಕ್ಕಿ ಕೇರ್ತಾ ಇದ್ದ ಹಾಗೆ. ಒಂದೇ ಸಮ. ನಿದ್ದೆ ಬರೋ ತನಕ ಇರುತ್ತೆ, ಎದ್ದಾಗಲೂ ಇರುತ್ತೆ. ಮೊದಮೊದಲು ಅಮ್ಮನೇ ಕೇರ್ತಿದಾಳೆ ಅಂದ್ಕೊಂಡು ಎದ್ದು ಹೋಗಿ ಅಡುಗೆಮನೆಯಲ್ಲಿ ನೋಡ್ತಿದ್ದೆ.’

ಅಮ್ಮ ಬಾಗಿಲಲ್ಲಿ ಕೂತಲ್ಲಿಂದಲೇ ಕೇಳಿದಳು. ‘ಈಗಲೂ ಇದೆಯೇನೇ ಅದು?’

‘ಇದೆ ಅಕ್ಕಾ. ಈಗಲೂ ಕೇರ್ತಿದಾಳೆ.’

‘ನನಗೆ ಯಾಕೇ ಹೇಳಲಿಲ್ಲ?’

‘ನೀನು ಕೇಳಲಿಲ್ವಲ್ಲ.’

ಅಮ್ಮ ಎದ್ದು ಬಂದಳು. ನಾವು ಯಾರೂ ಯಾವತ್ತೂ ಕೂರದ ಎಡಗಡೆಯಲ್ಲಿ ಚಿಕ್ಕಮ್ಮನ ಪಕ್ಕ ನಿಂತು, ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ತಂಗಿಯ ಕಿವಿಗೆ ತನ್ನ ಕಿವಿಯನ್ನು ಒತ್ತಿ, ಕಣ್ಣು ಮುಚ್ಚಿಕೊಂಡು ಕೇಳುತ್ತಾ ನಿಂತಳು.